ಬಾವಿಗೆ ಹಾಕದ ಪುಡಿ

ನದಿ ದಂಡೆಯ ಮೇಲೊಂದು ಆಶ್ರಮ. ಆ ಸಲ ನೆರೆ ಇಳಿದ ಮೇಲೆ ಅಲ್ಲಿನ ಬಾವಿಯ ನೀರು ಕದಡಿ ಹೋಗಿತ್ತು. ಕೆಳಗಿನ ಕೇರಿಯವರೆಲ್ಲ ಕುಡಿಯುತ್ತಿದ್ದದ್ದು ಅದೇ ನೀರು.

ನಿರಂಜನ ಗುರುಗಳು ಶಿಷ್ಯ ಮಡಿವಾಳಪ್ಪನ ಕೈಗೆ ಬ್ಲೀಚಿಂಗ್ ಪುಡಿಯ ಡಬ್ಬಿ ಕೊಟ್ಟು, ಅಳತೆ ಹೇಳಿ, ಬಾವಿಗೆ ಹಾಕಿ ಬಾ ಎಂದು ಕಳಿಸಿದರು.

ಮುಚ್ಚಳ ತೆಗೆದದ್ದೇ ಘಾಟು ಮೂಗಿಗೆ ಅಡರಿತು. ಕಣ್ಣಲ್ಲಿ ನೀರಾಡಿತು. ಇದರೊಳಗಿನ ಕ್ಲೋರಿನ್ ಅನಿಲದಿಂದಲೇ ಯುದ್ಧದಲ್ಲಿ ಸೈನಿಕರನ್ನು ಕೊಂದಿದ್ದರೆಂದು ಅವನು ಕಾಲೇಜಿನಲ್ಲಿ ಓದಿದ್ದ. ಮಕ್ಕಳು ಕುಡಿಯುವ ನೀರಿಗೆ ವಿಷ ಹಾಕುವುದೇ? ಕೈ ಬರಲಿಲ್ಲ.

ಡಬ್ಬಿಯನ್ನು ಬಣವೆಯ ಹಿಂದೆ ಬಚ್ಚಿಟ್ಟ. ಹಾಕಿ ಬಂದೆನೆಂದು ಗುರುಗಳಿಗೆ ಹೇಳಿದ.

ವಾರ ಕಳೆಯುವುದರೊಳಗೆ ಕೇರಿಯ ನೀಲವ್ವನ ಮಗಳಿಗೆ ವಾಂತಿಭೇದಿ ಹತ್ತಿತು. ಕಣ್ಣು ಗುಳಿಬಿದ್ದ ಆ ಕೂಸನ್ನು ತಾಲ್ಲೂಕು ಆಸ್ಪತ್ರೆಗೆ ಹೊತ್ತೊಯ್ದವನು ಮಡಿವಾಳಪ್ಪನೇ. ಜೀವ ಉಳಿಯಿತು. ಅವನು ಮರಳಿ ಬಂದು, ಗುರುಗಳ ಮುಂದೆ ಕುಳಿತು, ನಡೆದದ್ದನ್ನೆಲ್ಲ ಹೇಳಿಬಿಟ್ಟ.

ಗುರುಗಳು ಬೈಯಲಿಲ್ಲ. ಡಬ್ಬಿ ತರಿಸಿ, ಪುಡಿಯನ್ನು ಅವನಿಂದಲೇ ಅಳೆಸಿ, ಬಕೆಟ್ಟಿನ ನೀರಿನಲ್ಲಿ ಕಲಸಿ, ಮೇಲಿನ ತಿಳಿಯನ್ನು ಬಾವಿಗೆ ಹಾಕಿಸಿದರು.

ಅವನ ತಲೆ ಮಾತ್ರ ಇನ್ನೂ ಗೋಜಲು.

"ಗುರುಗಳೇ, ಇದು ವಿಷವೋ, ಅಮೃತವೋ?"

ಗುರುಗಳು ಎರಡು ಗಾಜಿನ ಲೋಟ ತಂದರು. ಒಂದಕ್ಕೆ ನೀರು ಹಾಕಿದರು, ಇನ್ನೊಂದಕ್ಕೆ ಗಾಯ ತೊಳೆಯುವ ಸ್ಪಿರಿಟ್. ಎರಡಕ್ಕೂ ಒಂದೊಂದು ಹನಿ ಕುಸುಬೆ ಎಣ್ಣೆ ಬಿಟ್ಟರು. ನೀರಿನಲ್ಲಿ ಎಣ್ಣೆ ತೇಲಿತು. ಸ್ಪಿರಿಟ್ಟಿನಲ್ಲಿ ತಳ ಸೇರಿತು.

"ಎಣ್ಣೆ ಹಗುರವೋ, ಭಾರವೋ?"

"ನೀರಿಗಿಂತ ಹಗುರ. ಸ್ಪಿರಿಟ್ಟಿಗಿಂತ ಭಾರ."

"ನಾನು ಕೇಳಿದ್ದು ಎಣ್ಣೆಯದಷ್ಟೇ."

ಮಡಿವಾಳಪ್ಪ ಆ ಲೋಟ ನೋಡಿದ, ಈ ಲೋಟ ನೋಡಿದ. ಒಳಗೆ ಕೊರೆಯುತ್ತಿದ್ದದ್ದು ಆಗ ಹೊರಬಂತು.

"ನಾನು ಕರುಣೆಯಿಂದಲೇ ಹಾಗೆ ಮಾಡಿದೆ. ಅದು ಪುಣ್ಯವೋ, ಪಾಪವೋ?"

"ಕರುಣೆಯೇ ಆಗಿದ್ದರೆ ಸುಳ್ಳು ಯಾಕೆ ಬೇಕಾಯಿತು?"

ಅವನು ತಲೆ ತಗ್ಗಿಸಿದ. ಕರುಣೆಯಾಗಿತ್ತೋ, ಬರೀ ಅಂಜಿಕೆಯಾಗಿತ್ತೋ, ಅವನಿಗೇ ತಿಳಿಯಲಿಲ್ಲ. ಇನ್ನೇನೋ ಕೇಳಲು ಬಾಯಿ ತೆರೆದ.

ಗುರುಗಳು ಎದ್ದು ನಿಂತರು.

"ಒಲೆಯ ಮೇಲೆ ಗಂಜಿ ಇದೆ. ಆಸ್ಪತ್ರೆಗೆ, ಆ ಕೂಸಿಗೆ ತೆಗೆದುಕೊಂಡು ಹೋಗು. ಉಪ್ಪು ಹಾಕಲು ಮರೆಯಬೇಡ. ನೀನು ಹೆದರಿದ ಕ್ಲೋರಿನ್ ಆ ಉಪ್ಪಿನಲ್ಲೂ ಇದೆ."