ಆಮೆ ಕೇಳಿದ ಹೂವು

ತೋಟದ ಕೊಳದಲ್ಲಿ ತಾನಾಗಿ ಹುಟ್ಟಿದ್ದರಲ್ಲಿ ಯಾವುದು ಗಿಡ, ಯಾವುದು ಕಳೆ ಎಂದು ಗುರುತಿಸುವ ಅಧಿಕಾರ, ಎಲ್ಲರಿಗಿಂತ ಹಳಬ ಎಂಬ ಒಂದೇ ಕಾರಣಕ್ಕೆ ಆಮೆಗೆ ಸಿಕ್ಕಿತು. ಅದು ಬಂಡೆಯ ಮೇಲೆ ಕುಳಿತು ನಿಯಮ ಮಾಡಿತು: ಹೂವು ತೋರಿಸಿದ್ದು ಗಿಡ, ತೋರಿಸದ್ದು ಕಳೆ.

ದಡದಲ್ಲಿದ್ದ ಒಂದೆಲಗ ಹೇಳಿತು, “ಸ್ವಾಮಿ, ನನಗೂ ಹೂವಿದೆ. ಎಲೆಯ ಅಡಿಯಲ್ಲಿದೆ, ತುಸು ಬಗ್ಗಿ ನೋಡಬೇಕು.”

“ಅಧಿಕಾರಿ ಬಗ್ಗುವುದಿಲ್ಲ. ನೀನು ಕಳೆ.”

“ಮನೆಯವರು ತಂಬುಳಿಗೆ ನನ್ನನ್ನೇ ಕೊಯ್ಯುತ್ತಾರಲ್ಲ, ಸ್ವಾಮಿ?”

“ತಿನ್ನುವವರ ಸಾಕ್ಷಿ ಇಲ್ಲಿ ನಡೆಯುವುದಿಲ್ಲ,” ಎಂದಿತು ಆಮೆ. ಅದರ ಅಪ್ಪಣೆಗೆ ಕಾದಿದ್ದ ಕೊಳದ ಏಡಿಗಳು ಒಂದೆಲಗವನ್ನು ಬೇರುಸಮೇತ ಕಿತ್ತೆಸೆದವು.

ಅಷ್ಟರಲ್ಲಿ ಕಾಲುವೆಯಿಂದ ತೇಲಿ ಬಂದ ಅಂತರಗಂಗೆ ತನ್ನ ನೇರಳೆ ಹೂಗೊಂಚಲನ್ನು ಎತ್ತಿ ಹಿಡಿಯಿತು. ಆಮೆ ಕಣ್ಣರಳಿಸಿತು. “ಇದಪ್ಪಾ ಗಿಡ! ಎಷ್ಟು ಬೇಕೋ ಅಷ್ಟು ಹರಡಿಕೊಳ್ಳಿ.”

ಅಂತರಗಂಗೆ ಹರಡಿಕೊಂಡಿತು. ಎರಡೇ ತಿಂಗಳಲ್ಲಿ ಇಡೀ ಕೊಳ ಮುಚ್ಚಿಹೋಯಿತು. ನೀರಿನೊಳಗಿದ್ದ ಆಮೆ ಉಸಿರಿಗಾಗಿ ಮೇಲೆ ಬಂದರೆ ಎಲ್ಲೆಲ್ಲೂ ಬೇರಿನ ಚಾಪೆಯೇ ತಲೆಗೆ ತಗುಲಿತು.

“ಜಾಗ ಬಿಡಿ! ಉಸಿರು ಕಟ್ಟುತ್ತಿದೆ! ನಾನು ಆಮೆ, ಈ ಕೊಳದ ಅಧಿಕಾರಿ!”

ಅಂತರಗಂಗೆ ಬಹಳ ವಿನಯದಿಂದ ಕೇಳಿತು, “ಸಂತೋಷ, ಸ್ವಾಮಿ. ಎಲ್ಲಿ, ತಮ್ಮ ಹೂವು ತೋರಿಸಿ.”