ಪಕ್ಕದವನ ಜೇಬು

ಹೊಳೆದಂಡೆಯಲ್ಲಿ ಒಂದು ಜೋಪಡಿ. ಅದರಲ್ಲಿ ಮೌನಪ್ಪಜ್ಜ ಎಂಬ ಗುರು. ಹೆಸರಿಗೆ ಮೌನಪ್ಪ, ಬಾಯಿ ಬಿಟ್ಟರೆ ಕೆಂಡ.

ಅವನು ಕಲಿಸುತ್ತಿದ್ದುದು ವೇದವಲ್ಲ, ಯೋಗವಲ್ಲ, ಜೇಬಿನ ಆಟ. ಜನರ ನಡುವಿನಿಂದ ಒಬ್ಬನನ್ನು ಕರೆದು, ಅವನ ಮೈಮೇಲಿನ ವಸ್ತುವನ್ನು ಅವನಿಗೇ ತಿಳಿಯದಂತೆ ತೆಗೆದು, ಎಲ್ಲರನ್ನೂ ನಗಿಸಿ ವಾಪಸು ಕೊಡುವ ವಿದ್ಯೆ. ವಾಪಸು ಕೊಟ್ಟರೆ ಜಾದು, ಕೊಡದಿದ್ದರೆ ಕಳವು.

ಶಿಷ್ಯ ಭರಮ ಮೂರು ವರ್ಷ ಕಲಿತಿದ್ದ. ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆಯುತ್ತಿದ್ದ. ಆದರೂ ಅಜ್ಜ ಅವನನ್ನು ಒಬ್ಬನೇ ಸಂತೆಗೆ ಹೋಗಲು ಬಿಟ್ಟಿರಲಿಲ್ಲ. ಆ ಸಿಟ್ಟು ಭರಮನ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಒಂದು ಸಂತೆಯ ದಿನ ಬೆಳಗ್ಗೆ ಅಜ್ಜನ ಜೇಬಿನಿಂದ ಅಡಿಕೆ ಡಬ್ಬಿ ಎತ್ತಿ ತೋರಿಸಿದ.

"ಛಲೋ," ಅಂದ ಅಜ್ಜ. "ಸಿಕ್ಕಿಬಿದ್ರ?"

"ಸಿಕ್ಕಿಬೀಳಂಗಿಲ್ರೀ."

"ಬಿದ್ರ?"

ಭರಮನಿಗೆ ರೇಗಿತು. "ಮೂರು ವರ್ಷದಿಂದ ಇದೊಂದೇ ಮಾತು! ಬಿದ್ರ, ತಪ್ಪಿದ್ರ, ಜಾರಿದ್ರ! ನೀವು ಗೆಲ್ಲೋದು ಕಲಸ್ತೀರೋ, ಸೋಲೋದು ಕಲಸ್ತೀರೋ?"

"ಸಿಕ್ಕಿಬಿದ್ರ ಏನ್ ಮಾಡ್ತೀ, ಅದನ್ನ ಹೇಳು."

"ಪಕ್ಕದವನ ಜೇಬಿಗೆ ಜಾರಿಸ್ತೀನಿ. ನೋಡ್ರೀ, ಗಡಿಯಾರಕ್ಕ ಕಾಲು ಬಂದಾವು, ಅಲ್ಲಿಗೆ ನಡಕೊಂಡು ಹೋಗೇತಿ ಅಂತೀನಿ. ಜನ ನಗ್ತಾರ."

"ಆ ಪಕ್ಕದವ?"

"ಅವಂಗ ಗೊತ್ತೇ ಇರಂಗಿಲ್ರೀ."

ಅಜ್ಜ ಅವನನ್ನು ದುರುದುರು ನೋಡಿದ. "ಇವತ್ತು ಸಂತಿಗೆ ಹೋಗಬ್ಯಾಡ," ಅಂದ.

ಅಜ್ಜ ಸ್ನಾನಕ್ಕೆ ಹೊಳೆಗೆ ಇಳಿದದ್ದೇ ತಡ, ಭರಮ ಕರಿ ಕೋಟು ಹಾಕಿಕೊಂಡು ಸಂತೆಗೆ ಹೊರಟ.

ಮಧ್ಯಾಹ್ನ ತಿರುಗಿ ಬಂದ. ಕಣ್ಣು ಕೆಂಪಾಗಿದ್ದವು. ಕೋಟು ಕಿತ್ತು ನೆಲಕ್ಕೆ ಬಡಿದ.

"ಮನುಷ್ಯರಲ್ರೀ ಅವರು, ಮೃಗಗೋಳು!"

ಅಜ್ಜ ಒಲೆಯ ಮೇಲೆ ಗಂಜಿ ಇಟ್ಟಿದ್ದ. ತಿರುಗಿ ನೋಡಲಿಲ್ಲ. "ಏನಾತು?"

ಆದದ್ದು ಇಷ್ಟು. ಭರಮ ಜೋರಾಗಿ ಕೂಗಿ ನೂರು ಜನ ಸೇರಿಸಿದ. ಜವಳಿ ಅಂಗಡಿಯ ಕೊಟ್ರಶೆಟ್ಟರನ್ನು ನಡುವಿಗೆ ಕರೆದ. ಬಲಗೈಯಲ್ಲಿ ನಿಂಬೆಹಣ್ಣು ಎತ್ತಿ ಹಿಡಿದು, "ಇದರ ಮ್ಯಾಲೆ ಕಣ್ಣಿಡ್ರಿ ಶೆಟ್ರ" ಅಂದ. ಎಡಗೈಯಲ್ಲಿ ಅವರ ಮಣಿಕಟ್ಟನ್ನು ಒಮ್ಮೆ ಬಿಗಿಯಾಗಿ ಅದುಮಿ ಬಿಟ್ಟ. ಹಾಗೆ ಅದುಮಿದರೆ, ಗಡಿಯಾರ ಬಿಚ್ಚಿದ ಮೇಲೂ ಅದು ಅಲ್ಲೇ ಇದೆ ಎಂದು ಕೈಗೆ ಅನ್ನಿಸುತ್ತಿರುತ್ತದೆ. ಗಡಿಯಾರ ಬಂತು. ಯಾರಿಗೂ ಕಾಣಲಿಲ್ಲ.

ಅಷ್ಟರಲ್ಲಿ ಶೆಟ್ಟರಿಗೆ ಬಸ್ಸಿನ ನೆನಪಾಯಿತು. ಗಂಟೆ ಎಷ್ಟೆಂದು ಕೈ ನೋಡಿಕೊಂಡರು. "ಅಯ್ಯಯ್ಯೋ, ನನ್ನ ಗಡಿಯಾರ!"

ಭರಮನ ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು. ಪಕ್ಕದಲ್ಲಿ ಕಲಾಯಿ ದಾವಲಸಾಬ ನಿಂತಿದ್ದ. ಮನೆಮನೆಯ ಹಿತ್ತಾಳೆ ಪಾತ್ರೆ ತಂದು, ಒಳಗೆ ತವರ ಬಳಿದು, ಬೆಳ್ಳಿಯ ಹಾಗೆ ಹೊಳೆಯಿಸಿ ಕೊಡುವವನು. ಆಟ ನೋಡಲು ಎರಡು ನಿಮಿಷ ಒಲೆಗೆ ಗಾಳಿ ಊದುವ ತಿದಿ ಬಿಟ್ಟು ಎದ್ದು ಬಂದಿದ್ದ. ಗಡಿಯಾರ ಅವನ ಮಸಿ ಹಿಡಿದ ಜುಬ್ಬದ ಜೇಬಿಗೆ ಜಾರಿತು.

ಪೂರ್ತಿ ಜಾರಲಿಲ್ಲ. ಪಟ್ಟಿಯ ತುದಿ ಹೊರಗೆ ಉಳಿಯಿತು.

"ಇಲ್ಲೈತಿ ನೋಡ್ರಲೇ!" ಎಂದು ಯಾರೋ ಕೂಗಿದರು. ಮೊದಲ ಏಟು ಬಿತ್ತು. ನಮ್ಮ ಸಂತೆಗಳಲ್ಲಿ ಹಸಿದವನಿಗೆ ಒಂದು ತುತ್ತು ಹಾಕಲು ಹತ್ತು ಸಲ ಯೋಚಿಸುತ್ತಾರೆ, ಕಳ್ಳ ಎಂದವನಿಗೆ ಬಡಿಯಲು ಒಂದು ಸಲವೂ ಯೋಚಿಸುವುದಿಲ್ಲ. ಬುಟ್ಟಿ ಇಳಿಸಿ ಬಂದು ಹೊಡೆದವರಿದ್ದರು. ಯಾಕೆ ಎಂದು ಕೇಳದೆ ಹೊಡೆದವರಿದ್ದರು.

"ಅವನ ತುಟಿ ಹರೀತು," ಅಂದ ಭರಮ. "ಪಾತ್ರಿ ಕೊಟ್ಟಿದ್ದ ಹೆಣ್ಮಕ್ಕಳೆಲ್ಲಾ ಓಡಿಬಂದು ತಂತಮ್ಮ ಪಾತ್ರಿ ಕಸಗೊಂಡು ಹೋದ್ರು. ಕಲಾಯಿ ಆಗಿದ್ದು, ಆಗದ್ದು, ಎಲ್ಲಾ. ಇನ್ನ ಅವಂಗ ಯಾರೂ ಪಾತ್ರಿ ಕೊಡಂಗಿಲ್ಲ. ಅವ ಏನ್ ತಿನ್ನಬೇಕು? ಒಬ್ಬರಾದ್ರೂ ಒಂದು ಮಾತು ಕೇಳಬಾರದೇನ್ರೀ ಅವನ್ನ? ಒಬ್ಬರಾದ್ರೂ?"

"ಜನ ದಾವಲಸಾಬನ ಜೇಬಿನ ಕಡೆ ಯಾಕ ನೋಡಿದ್ರು?"

"ಗಡಿಯಾರ ಅಲ್ಲಿತ್ತಲ್ರೀ."

"ಯಾರು ಇಟ್ರು?"

ಭರಮ ಇನ್ನಷ್ಟು ಉರಿದುಬಿದ್ದ. "ನಾ ಏನ್ ಹೊಡೀರಿ ಅಂದ್ನೇನ್ರೀ? ಆಟ ಐತ್ರೀ, ಬಿಡ್ರೀ ಅಂತ ಕೂಗಿದೆ. ಯಾರಿಗೂ ಕೇಳಲಿಲ್ಲ!"

ಅಜ್ಜ ಆಗ ಎದ್ದ. ಭರಮನ ರಟ್ಟೆ ಹಿಡಿದು ನೀರಿನ ಅಂಚಿಗೆ ಎಳೆದುಕೊಂಡು ಹೋದ. ಹೊಳೆಯ ನಡುವೆ ಅಂಬಿಗನೊಬ್ಬ ಬೆನ್ನು ಹಾಕಿ ಹರಿಗೋಲು ನಡೆಸುತ್ತಿದ್ದ.

"ಜನ ಸೇರಸಾಕ ಕೂಗಿದೆಯಲ್ಲ, ಅದನ್ನ ಕೂಗು."

"ಈಗ್ಯಾಕ್ರೀ?"

"ಕೂಗಲೇ!"

ಭರಮ ಕೂಗಿದ. "ಬರ್ರೀ ಬರ್ರೀ, ಕಣ್ಣಿದ್ದವರೆಲ್ಲಾ ಬರ್ರೀ!" ಹೊಳೆ ನಡುವಿನ ಅಂಬಿಗ ಹುಟ್ಟು ನಿಲ್ಲಿಸಿ ತಿರುಗಿ ನೋಡಿದ.

"ಈಗ, ದಾವಲಸಾಬಗ ಏಟು ಬೀಳೂಮುಂದ ಕೂಗಿದೆಯಲ್ಲ, ಅದನ್ನ ಕೂಗು. ಅಷ್ಟ ಜೋರಾಗಿ. ಹೆಚ್ಚಿಲ್ಲ, ಕಡಿಮಿಲ್ಲ."

ಭರಮ ಬಾಯಿ ತೆರೆದ. ಗಂಟಲಿನಿಂದ ಏನೂ ಹೊರಡಲಿಲ್ಲ. ಅಂಬಿಗ ಸ್ವಲ್ಪ ಹೊತ್ತು ಕಾದು, ತಲೆ ಕೊಡವಿ, ಮತ್ತೆ ಹುಟ್ಟು ಹಾಕತೊಡಗಿದ.

ಭರಮ ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿದ. ಬೆಳಗ್ಗೆಯಿಂದ ಅಜ್ಜನ ಮೇಲಿದ್ದ ಸಿಟ್ಟು, ಜನರ ಮೇಲಿದ್ದ ಸಿಟ್ಟು, ಎಲ್ಲ ಈಗ ಅವನನ್ನೇ ಹರಿದು ತಿನ್ನುತ್ತಿತ್ತು. ನಾಲಿಗೆ ಸೀಳಿಕೊಳ್ಳಬೇಕು ಅನ್ನಿಸಿತು.

"ಕೂಗಲೇ ಇಲ್ಲ ಅಜ್ಜಾರ, ಹೆದರಿದೆ. ನನ್ನ ಹೆಸರು ಬಂದ್ರ ನನ್ನ ಬಡೀತಾರಂತ ಹೆದರಿದೆ."

"ಸಂತಿ ಇನ್ನೂ ಐತಿ," ಅಂದ ಅಜ್ಜ.

"ಹೋಗಿ ಹೇಳಿದ್ರ ನನ್ನ ಬಡೀತಾರ."

"ಬಡೀತಾರ."

"ಮತ್ತ ನನ್ನ ಆಟಕ್ಕ ಒಬ್ಬರೂ ಬರಂಗಿಲ್ಲ."

"ಬರಂಗಿಲ್ಲ."

"ತಪ್ಪಿದ್ರ ಏನ್ ಮಾಡಬೇಕಂತ ಎಲ್ಲಾದಕ್ಕೂ ಒಂದು ಉಪಾಯ ಹೇಳ್ತಿದ್ರಿ. ಇದಕ್ಕೊಂದು ಹೇಳ್ರಿ."

"ಇದಕ್ಕ ಎರಡನೇ ಉಪಾಯ ಇಲ್ಲ. ಏಳು!"

ಭರಮ ಹೋದ. ಕೋಟು ಹಾಕಿಕೊಳ್ಳಲಿಲ್ಲ.

ಹೊತ್ತು ಇಳಿಯುವ ಮುಂಚೆ ಮರಳಿ ಬಂದ. ಅಂಗಿಯ ತೋಳು ಹರಿದಿತ್ತು. ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು.

"ಹೇಳಿದೆ," ಅಂದ ಭರಮ. "ಕಟ್ಟಿ ಮ್ಯಾಲೆ ನಿಂತು, ಕಡೀ ಸಾಲಿನವ್ರಿಗೂ ಕೇಳೂ ಹಂಗ ಹೇಳಿದೆ. ಗಡಿಯಾರ ಎತ್ತಿದವ ನಾನು, ಇಟ್ಟವ ನಾನು, ದಾವಲಸಾಬಗ ಏನೂ ಗೊತ್ತಿಲ್ಲ ಅಂದೆ. ಬಡದ್ರು. ಬಡಸ್ಕೊಂಡೆ."

"ಹೂಂ."

"ಶೆಟ್ರು ನಂಬಿದ್ರು. ದಾವಲಸಾಬಗ ಒಂದು ಮಾತು ತಪ್ಪಾತು ಅನ್ನಲಿಲ್ಲ, ಮುಂದಿನ ಬಸ್ ಹತ್ತಿ ಹೋದ್ರು. ಆದ್ರ ಪಾತ್ರಿ? ಒಬ್ಬಾಕಿನೂ ತಿರುಗಿ ಪಾತ್ರಿ ಕೊಡಲಿಲ್ಲ ಅಜ್ಜಾರ! ಬೆಂಕಿ ಇಲ್ದ ಹೊಗಿ ಆಡ್ತೈತೇನು ಅಂತಾರ. ಇವರಿಬ್ಬರೂ ಜೋಡಿ ಇರಬೇಕು ಅಂತಾರ. ಅನ್ಯಾಯ ಮಾಡಾಕ ಒಂದು ಗಳಿಗಿ ಸಾಕಾತು ಇವರಿಗೆ, ಸರಿ ಮಾಡಾಕ ಮಾತ್ರ ಎಲ್ಲಾರಿಗೂ ಹೊತ್ತಾಗೇತಿ!"

"ದಾವಲಸಾಬ ಏನಂದ?"

ಭರಮ ತಲೆ ತಗ್ಗಿಸಿದ. "ಕಾಲಿಗೆ ಬಿದ್ದೆ. ಕಾಲು ಹಿಂದಕ್ಕ ತಗೊಂಡ. ಒಲಿಯಾಗಿನ ಕೆಂಡಕ್ಕ ನೀರು ಹಾಕಿ ಕುಂತಾನ. ನಾಳೆಯಿಂದ ಈ ಊರಾಗ ನಂಗ ಕೆಲಸ ಇಲ್ಲ ಅಂದ. ಅಷ್ಟ ಅಂದ."

ಅಜ್ಜನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಭರಮನ ಮೇಲೋ, ಸಂತೆಯವರ ಮೇಲೋ, ಇಂಥ ಶಿಷ್ಯನಿಗೆ ಇಂಥ ವಿದ್ಯೆ ಕೊಟ್ಟ ತನ್ನ ಮೇಲೋ, ಹೇಳಲಿಲ್ಲ.

ಜೋಪಡಿಯಲ್ಲಿ ಇದ್ದದ್ದು ಒಂದೇ ಹಿತ್ತಾಳೆ ಪಾತ್ರೆ. ಇಬ್ಬರ ಗಂಜಿಯೂ ಅದರಲ್ಲೇ ಬೇಯುತ್ತಿತ್ತು. ಅಜ್ಜ ಅದನ್ನು ಒಲೆಯಿಂದ ಇಳಿಸಿ, ಗಂಜಿಯನ್ನು ಬಾಗಿಲಲ್ಲಿ ಮಲಗಿದ್ದ ನಾಯಿಯ ಮುಂದಿನ ಬೋಗುಣಿಗೆ ಸುರಿದ. ಹೊಳೆಯ ನೀರಿನಲ್ಲಿ ಪಾತ್ರೆ ಜಾಲಾಡಿಸಿ ತಂದ. ಒಳಗಿನ ಕಲಾಯಿ ಅಲ್ಲಲ್ಲಿ ಸವೆದಿತ್ತು. ಅದನ್ನು ಭರಮನ ಎರಡೂ ಕೈಗಳಲ್ಲಿ ಇಟ್ಟ.

"ಇದನ್ನ ಏನ್ ಮಾಡ್ಲಿ ಅಜ್ಜಾರ?"

"ಸಂತಿ ನಡುವ ಹೋಗಿ, ಕಲಾಯಿಗೆ ಅಂತ ದಾವಲಸಾಬನ ಕೈಯಾಗ ಕೊಡು," ಅಂದ ಅಜ್ಜ. "ನಿನ್ನ ಕೈ ಏನ್ ಮಾಡ್ತೈತಿ ಅನ್ನೋದು ಒಬ್ಬರ ಕಣ್ಣೂ ತಪ್ಪಬಾರದು, ಹಂಗ ಕೊಡು."