ರಕ್ತವಿಲ್ಲದ ಮೊಟ್ಟೆಗಳು

ಶಿಷ್ಯ ಕೇಳಿದ: “ಗುರುಗಳೇ, ಒಬ್ಬನ ಮೇಲೆ ಅನುಮಾನ ಬಂದರೆ ಅವನನ್ನು ಎಷ್ಟು ಸಲ ಪರೀಕ್ಷಿಸಬೇಕು?”

ಗುರುಗಳು ಹೇಳಿದರು:

ಸುಲೋಚನಾ ಎಂಬ ವಿಜ್ಞಾನಿ ಇದ್ದಳು. ಮೀನಿನ ಭ್ರೂಣದಲ್ಲಿ ರಕ್ತ ಹೇಗೆ ಹುಟ್ಟುತ್ತದೆ ಎಂಬುದು ಅವಳ ಅಧ್ಯಯನ. ಅವಳು ಸಾಕಿದ ಮೀನಿನ ಮೊಟ್ಟೆ ಪಾರದರ್ಶಕ. ಎರಡನೆಯ ದಿನ ಒಳಗೆ ರಕ್ತ ಹರಿಯುವುದು ಕಾಣುತ್ತದೆ.

ಅವಳ ಕೈಕೆಳಗೆ ಬೋರೇಶ ಎಂಬ ಸಂಶೋಧಕ ಕೆಲಸ ಮಾಡುತ್ತಿದ್ದ. ಜೀವಕೋಶಗಳಿಗೆ ಸಂದೇಶ ಕಳಿಸುವ ಒಂದು ವಂಶವಾಹಿ ಇತ್ತು. ಸೂಜಿಯಿಂದ ಮೊಟ್ಟೆಗೆ ದ್ರಾವಣ ಸೇರಿಸಿ ಅವನು ಅದನ್ನು ಸುಮ್ಮನಾಗಿಸಿದ. ಹೃದಯ ಬಡಿಯಿತು. ರಕ್ತ ಮಾತ್ರ ಕಾಣಲಿಲ್ಲ.

ಸುಲೋಚನಾ ಸೂಜಿ ಚುಚ್ಚದ ಬೇರೆ ಮೊಟ್ಟೆಗಳ ರಕ್ತಕಣಗಳಲ್ಲಿ ಆ ವಂಶವಾಹಿಯ ಸುಳಿವು ಹುಡುಕಿದಳು. ಸಿಗಲಿಲ್ಲ. ಅಲ್ಲಿ ಇಲ್ಲದ್ದು ರಕ್ತವನ್ನು ಹೇಗೆ ಹುಟ್ಟಿಸೀತು? ಅವಳಿಗೆ ಅನುಮಾನ ಬಂತು.

ಸೂಜಿ ಚುಚ್ಚಿದ ಮತ್ತು ಚುಚ್ಚದ ಮೊಟ್ಟೆಗಳಿದ್ದ ತಟ್ಟೆಗಳ ಚೀಟಿಯನ್ನು ಅವನಿಗೆ ತಿಳಿಯದಂತೆ ಅದಲುಬದಲು ಮಾಡಿದಳು. ಆದರೂ ರಕ್ತವಿಲ್ಲದ ಮೊಟ್ಟೆಗಳ ಬಗ್ಗೆ ಅವನ ಎಣಿಕೆ ಸರಿಯಾಗಿತ್ತು. ಅವನು ತಟ್ಟೆಗೆ ಗುಟ್ಟಾಗಿ ಗುರುತು ಹಾಕಿರಬೇಕು ಅಂದುಕೊಂಡಳು. ಸೂಜಿಯನ್ನು ತಾನೇ ಹಿಡಿದಳು. ಫಲಿತಾಂಶ ಅದೇ. ದ್ರಾವಣದಲ್ಲೇ ಏನೋ ಇರಬೇಕು ಅಂದುಕೊಂಡಳು.

ಅವನನ್ನು ಕರೆದು ಕೇಳಿದಳು: “ಬೋರೇಶ, ನಿಜ ಹೇಳು. ಇದರಲ್ಲಿ ಏನು ಬೆರೆಸಿದ್ದೀಯ?”

“ಏನೂ ಬೆರೆಸಿಲ್ಲ ಮೇಡಂ. ರಕ್ತ ಕಾಣುವ ಹೊತ್ತಿಗೆ ಆ ಸಂದೇಶ ನಿಂತುಹೋಗಿರುತ್ತೆ ಅನ್ನಿಸುತ್ತೆ. ಇನ್ನೂ ಮೊದಲೇ, ಅಕ್ಕಪಕ್ಕದ ಕೋಶಗಳಲ್ಲಿ ಹುಡುಕಿ ನೋಡೋಣ.”

ನುಣುಚಿಕೊಳ್ಳುವ ಮಾತು ಎಂದೇ ಅವಳಿಗೆ ಅನ್ನಿಸಿತು. ಮರುದಿನ ಅವನ ಮೇಜಿನ ಖಾನೆಗಳನ್ನು ತೆರೆಸಿ ಹುಡುಕಿದಳು, ಏನೂ ಸಿಗಲಿಲ್ಲ. ಅವನು ಪಕ್ಕದಲ್ಲೇ ನಿಂತು ನೋಡಿದ. ಒಂದು ವಾರದೊಳಗೆ ಕೆಲಸವನ್ನೇ ಬಿಟ್ಟು ಹೋದ.

ಅವನ ಮೋಸಕ್ಕೆ ಸಾಕ್ಷಿ ಬೇಕೆಂದು ಸುಲೋಚನಾ ಹೊಸ ದ್ರಾವಣವನ್ನು ತಾನೇ ತಯಾರಿಸಿದಳು. ಆಗಲೂ ರಕ್ತ ಹುಟ್ಟಲಿಲ್ಲ. ಬೇರೆ ದಾರಿ ಕಾಣದೆ, ಅವನು ಹೇಳಿದ್ದಂತೆ, ಇಟ್ಟು ಹದಿನಾಲ್ಕು ಗಂಟೆಯಷ್ಟೇ ಆದ ಮೊಟ್ಟೆಗಳನ್ನು ನೋಡಿದಳು. ಮುಂದೆ ಸ್ನಾಯುವಾಗುವ ಕೋಶಗಳಲ್ಲಿ ಆ ವಂಶವಾಹಿ ಕೆಲಸ ಮಾಡುತ್ತಿತ್ತು. ರಕ್ತವಾಗಿ ಬೆಳೆಯಿರಿ ಎಂದು ಪಕ್ಕದ ಕೋಶಗಳಿಗೆ ಹೇಳಿ, ಆಮೇಲೆ ತಾನು ಸುಮ್ಮನಾಗುತ್ತಿತ್ತು.

ಅವಳು ಬೋರೇಶನ ಊರು ಹುಡುಕಿಕೊಂಡು ಹೋದಳು. ಅವನು ಅಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ. ಕುರ್ಚಿ ಹಾಕಿ ಕೂರಿಸಿದ, ಕಾಫಿ ತರಿಸಿದ.

“ತಪ್ಪು ನನ್ನದು. ವಾಪಸ್ ಬಾ,” ಎಂದಳು.

“ಆಗಲ್ಲ ಮೇಡಂ. ಈಗ ಸೂಜಿ ಹಿಡಿದರೆ ಬೆನ್ನ ಹಿಂದೆ ಯಾರೋ ನಿಂತ ಹಾಗಾಗುತ್ತೆ.”

ಅವಳು ಒಬ್ಬಳೇ ಹಿಂದಿರುಗಿದಳು.

ಶಿಷ್ಯ ಎಂದ: “ಆದರೂ ಗುರುಗಳೇ, ಬಿಡದೆ ಪರೀಕ್ಷಿಸಿದ್ದರಿಂದ ತಾನೇ ಅವಳಿಗೆ ಸತ್ಯ ಗೊತ್ತಾಯಿತು?”

ಗುರುಗಳು ಹೇಳಿದರು: “ಗೊತ್ತಾದದ್ದು ಮೊಟ್ಟೆಯನ್ನು ಪರೀಕ್ಷಿಸಿದ್ದರಿಂದ. ಅವನನ್ನು ಪರೀಕ್ಷಿಸಿದ್ದರಿಂದ ಅವನು ಹೋದ, ಅಷ್ಟೆ.”